ಹತ್ತು ಡಾಲರ್ ಒಳಗಿನ ಸಿಗಾರಿಗೆ ಅಂಕ ಕೊಡುವುದು ಹೇಗೆ?

(ಅಮೆರಿಕದ ಫ್ಲಾರಿಡಾದ ಟಾಂಪಾದಲ್ಲಿ ಕನ್ನಡಿಗರ ವಾರಾಂತ್ಯದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ಇಲ್ಲಿ ಯಾರೂ ಏನನ್ನೂ ಹಚ್ಚುವುದಿಲ್ಲ. ಮಕ್ಕಳಿದ್ದಾರೆ, ಹಾಲ್‌ನವರು ಬೇರೆ ಬಾಗಿಲಿಗೇ ಬೋರ್ಡ್ ಹಾಕಿದ್ದಾರೆ. ಮೇಜಿನ ಮೇಲಿರುವ ಸಿಗಾರುಗಳನ್ನು ಮೂಸಿ ನೋಡಿ, ಮೆಲ್ಲಗೆ ಒತ್ತಿ ನೋಡಿ, ವಾಪಸ್ ಇಡಿ.

ಇನ್ನೊಂದು ಮಾತನ್ನೂ ಈಗಲೇ ಆಡಿ ಮುಗಿಸುತ್ತೇನೆ. ಸಿಗಾರ್ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಅನ್ನುವವರು ಜಾಸ್ತಿ. ಅದು ಸುಳ್ಳು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣ ಅನ್ನುವುದು ಸಾಬೀತಾದ ವಿಷಯ. ದೊಡ್ಡದೊಂದು ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಸೇದದವರು ನನ್ನ ಮಾತು ಕೇಳಿ ಶುರು ಮಾಡಬೇಡಿ. ಆಗೊಮ್ಮೆ ಈಗೊಮ್ಮೆ ಸೇದುವವರು, ಸೇದಿದ್ದಕ್ಕೆ ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಅಂತ ಯೋಚಿಸುವವರು ಇದ್ದರೆ, ಅವರಿಗಾಗಿ ಈ ಮಾತು. ನಾನು ಲೆಕ್ಕಪತ್ರದ ಕೆಲಸದವನು. ನನಗೆ ರುಚಿಯಷ್ಟೇ ಅದರ ಹಿಂದಿನ ಲೆಕ್ಕವೂ ಇಷ್ಟ.

ಪ್ರೀಮಿಯಂ ಅಂದಕೂಡಲೇ ದುಬಾರಿ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಸರ್ಕಾರವೂ ಒಮ್ಮೆ ಹಾಗೇ ಅಂದುಕೊಂಡಿತ್ತು. 2014ರಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಆಹಾರ ಮತ್ತು ಔಷಧ ಆಡಳಿತ, ಸಿಗಾರುಗಳನ್ನೂ ತನ್ನ ನಿಯಮದೊಳಗೆ ತರಲು ಕರಡು ಹೊರಡಿಸಿತು. ಪ್ರೀಮಿಯಂ ಸಿಗಾರುಗಳನ್ನು ಹೊರಗಿಡುವ ಆಯ್ಕೆಯೂ ಆ ಕರಡಿನಲ್ಲಿತ್ತು. ಆದರೆ ಪ್ರೀಮಿಯಂ ಅನ್ನಿಸಿಕೊಳ್ಳಬೇಕಾದರೆ ರಿಯಾಯಿತಿ ಎಲ್ಲ ಕಳೆದ ಮೇಲೂ ಒಂದರ ಬೆಲೆ 10 ಡಾಲರಿಗೆ ಕಡಿಮೆ ಇರಬಾರದು ಅಂತ ಒಂದು ಷರತ್ತು ಇಟ್ಟಿದ್ದರು. ಆರೇಳು ಡಾಲರಿಗೆ ಕೈಯಲ್ಲಿ ಸುತ್ತಿದ ಒಳ್ಳೆ ಸಿಗಾರ್ ಮಾರುವವರ ಗತಿ ಏನು? 2016ರ ಅಂತಿಮ ನಿಯಮದಲ್ಲಿ ಆ ವಿನಾಯಿತಿಯನ್ನೇ ಕೈಬಿಟ್ಟು, ಎಲ್ಲ ಸಿಗಾರುಗಳನ್ನೂ ಒಂದೇ ಕಟ್ಟಿಗೆ ಸೇರಿಸಿದರು. ವಿಷಯ ಕೋರ್ಟಿಗೆ ಹೋಯಿತು. 2023ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಫೆಡರಲ್ ಕೋರ್ಟ್ ಪ್ರೀಮಿಯಂ ಸಿಗಾರುಗಳ ಮಟ್ಟಿಗೆ ಆ ನಿಯಮವನ್ನು ರದ್ದು ಮಾಡಿತು.

ಆಗ ಕೋರ್ಟ್ ಒಪ್ಪಿಕೊಂಡ ವಿವರಣೆಯನ್ನು ಸ್ವಲ್ಪ ಗಮನವಿಟ್ಟು ಕೇಳಿ. ಹೊರಗೆ ಸುತ್ತಿದ್ದು ಇಡೀ ತಂಬಾಕು ಎಲೆ ಆಗಿರಬೇಕು. ಅದರ ಕೆಳಗಿನ ಬೈಂಡರ್ ಕೂಡ ಪೂರ್ತಿ ಎಲೆಯೇ. ಒಳಗಿನ ಫಿಲ್ಲರಿನಲ್ಲಿ ತೂಕದ ಲೆಕ್ಕದಲ್ಲಿ ಅರ್ಧದಷ್ಟಾದರೂ ಉದ್ದದ ಎಲೆ ಇರಬೇಕು, ಪುಡಿ ಅಲ್ಲ. ಕೈಯಲ್ಲಿ ಮಾಡಿರಬೇಕು. ಫಿಲ್ಟರ್ ಇರಬಾರದು. ತಂಬಾಕಿನ ರುಚಿ ಬಿಟ್ಟು ವೆನಿಲ್ಲಾ, ಚೆರ್ರಿ ಅಂತ ಇನ್ನೊಂದು ರುಚಿ ಎದ್ದು ಕಾಣಬಾರದು. ತಂಬಾಕು, ನೀರು, ಅಂಟು ಬಿಟ್ಟು ಬೇರೆ ಏನೂ ಸೇರಿರಬಾರದು. ಸಾವಿರ ಸಿಗಾರ್ 6 ಪೌಂಡಿಗಿಂತ ಹೆಚ್ಚು ತೂಗಬೇಕು. ಅಷ್ಟೇ. ಬೆಲೆಯ ಮಾತೇ ಇರಲಿಲ್ಲ. ಅದರ ಪ್ರಕಾರ ಐದು ಡಾಲರಿನದೂ ಪ್ರೀಮಿಯಂ, ಐವತ್ತು ಡಾಲರಿನದೂ ಪ್ರೀಮಿಯಂ.

ಆದರೆ ತೆರಿಗೆಯಲ್ಲಿ ಅಗ್ಗದ್ದಕ್ಕೆ ಪೆಟ್ಟು ಜಾಸ್ತಿ. ಕೇಂದ್ರ ಸರ್ಕಾರದ ಅಬಕಾರಿ ತೆರಿಗೆ, ತಯಾರಕರು ಮಾರುವ ಬೆಲೆಯ ಮೇಲೆ ನೂರಕ್ಕೆ 52.75. ಕೇಳಿದರೆ ಗಾಬರಿಯಾಗುತ್ತದೆ, ಆದರೆ ಒಂದು ಸಿಗಾರಿಗೆ 40.26 ಸೆಂಟ್ ಮೀರುವ ಹಾಗಿಲ್ಲ. ಕಾರ್ಖಾನೆಯಿಂದ 2 ಡಾಲರಿಗೆ ಹೊರಡುವ ಸಿಗಾರಿಗೂ ನಲವತ್ತು ಸೆಂಟ್, 15 ಡಾಲರಿಗೆ ಹೊರಡುವುದಕ್ಕೂ ಅದೇ ನಲವತ್ತು ಸೆಂಟ್. ಮೊದಲನೆಯದಕ್ಕೆ ನೂರಕ್ಕೆ ಇಪ್ಪತ್ತು, ಎರಡನೆಯದಕ್ಕೆ ಮೂರೂ ಇಲ್ಲ. ನಮ್ಮ ಪುಣ್ಯ, ಫ್ಲಾರಿಡಾ ರಾಜ್ಯ ಸಿಗಾರಿನ ಮೇಲೆ ತನ್ನ ತಂಬಾಕು ತೆರಿಗೆ ಹಾಕುವುದಿಲ್ಲ. ನಮ್ಮ ಟಾಂಪಾದ ಈಬೋರ್ ಸಿಟಿಯ ಅಂಗಡಿಯಲ್ಲಿ ಏಳು ಡಾಲರಿಗೆ ಸಿಗುವುದು ನ್ಯೂಯಾರ್ಕಿನಲ್ಲಿ ಅದೇ ಬೆಲೆಗೆ ಸಿಗುವುದಿಲ್ಲ. ಹಾಗಾಗಿ ಬೇರೆ ರಾಜ್ಯದಲ್ಲಿ ಕೂತು ಯಾರೋ 'ಇದು ಒಳ್ಳೆ ಬೆಲೆಗೆ ಒಳ್ಳೆ ಮಾಲು' ಅಂದರೆ, ಅವರ ಊರಿನ ಬೆಲೆ ಎಷ್ಟು ಅಂತ ಮೊದಲು ಕೇಳಬೇಕು.

ಹಾಗಾದರೆ ಅಗ್ಗದ ಸಿಗಾರಿನಲ್ಲಿ ದುಡ್ಡು ಎಲ್ಲಿ ಉಳಿಯುತ್ತದೆ? ಇದು ಗೊತ್ತಿದ್ದರೆ ಅಂಕ ಕೊಡುವಾಗ ಎಲ್ಲಿ ನೋಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲನೆಯದು ರ್‍ಯಾಪರ್, ಅಂದರೆ ಹೊರಗಿನ ಎಲೆ. ಕಣ್ಣಿಗೆ ಬೀಳುವುದು ಅದೊಂದೇ. ತೂತು, ಕಲೆ, ದಪ್ಪ ನರ ಯಾವುದೂ ಇರುವಂತಿಲ್ಲ. ತೂಕದ ಲೆಕ್ಕದಲ್ಲಿ ಸಿಗಾರಿನ ಅತಿ ದುಬಾರಿ ಎಲೆ ಇದು. ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ ಗದ್ದೆಯ ಮೇಲೆ ಬಟ್ಟೆಯ ಚಪ್ಪರ ಹಾಕಿ ನೆರಳಿನಲ್ಲಿ ಈ ಎಲೆ ಬೆಳೆಯುತ್ತಾರೆ. ಬಿಸಿಲು ನೇರ ಬೀಳದಿದ್ದರೆ ಎಲೆ ತೆಳ್ಳಗೆ, ನುಣ್ಣಗೆ ಬರುತ್ತದೆ. ಚಪ್ಪರಕ್ಕೆ ಖರ್ಚು, ಅಮೆರಿಕದ ಕೂಲಿಗೆ ಇನ್ನೂ ಖರ್ಚು. ಅದೇ ಬೀಜವನ್ನು ಇಕ್ವೆಡಾರಿಗೆ ಒಯ್ದು ಬಿತ್ತಿದರು. ಅಲ್ಲಿ ಬೆಳೆಯ ಕಾಲದಲ್ಲಿ ಮೋಡ ಕವಿದೇ ಇರುತ್ತದೆ. ಚಪ್ಪರವೇ ಬೇಡ! ಇವತ್ತು ಐದಾರು ಡಾಲರಿಗೆ ಸಿಗುವ ತಿಳಿ ಬಣ್ಣದ, ಸೌಮ್ಯ ಸಿಗಾರುಗಳಲ್ಲಿ ಬಹಳಷ್ಟಕ್ಕೆ ಇಕ್ವೆಡಾರಿನ ಎಲೆಯೇ ಹೊದಿಕೆ. ಇದು ಮೋಸ ಅಲ್ಲ. ರುಚಿ ಬೇರೆ, ಅಷ್ಟೇ. ಕನೆಕ್ಟಿಕಟ್ಟಿನದರಲ್ಲಿ ಒಣ ಹುಲ್ಲಿನ ಸಿಹಿ ಇದ್ದರೆ, ಇದರಲ್ಲಿ ಸ್ವಲ್ಪ ಕೆನೆಯಂಥ ಗುಣ ಜಾಸ್ತಿ ಅನ್ನುವುದು ನನ್ನ ನಾಲಿಗೆಯ ಅಭಿಪ್ರಾಯ.

ಎರಡನೆಯದು ಫಿಲ್ಲರ್. ಉದ್ದ ಎಲೆಗಳನ್ನು ಮಡಚಿ ಸುತ್ತುವುದಕ್ಕೆ ಕೈ ಪಳಗಿರಬೇಕು. ಕತ್ತರಿಸಿ ಉಳಿದ ಚೂರುಗಳನ್ನು ಒಂದೆರಡು ಉದ್ದ ಎಲೆಗಳ ನಡುವೆ ಇಟ್ಟು ಸುತ್ತಿದರೆ ಅದಕ್ಕೆ 'ಕ್ಯೂಬನ್ ಸ್ಯಾಂಡ್‌ವಿಚ್' ಅನ್ನುತ್ತಾರೆ. ಟಾಂಪಾದವರು ಅದೇ ಹೆಸರಿನ ತಿಂಡಿಯ ಜೊತೆ ಕಲಸಿಕೊಳ್ಳಬೇಡಿ. ಅಂಥ ಸಿಗಾರಿನ ಬೂದಿ ಉದ್ದ ನಿಲ್ಲುವುದಿಲ್ಲ, ಅಂಗಿ ಮೇಲೆ ಉದುರುತ್ತದೆ. ಕೊನೆಗೆ ಬಿಸಿಯೂ ಆಗುತ್ತದೆ. ಮೂರನೆಯದು ಕಾಲ. ಎಲೆಯನ್ನು ಗುಡ್ಡೆ ಹಾಕಿ ಅದರದೇ ಶಾಖದಲ್ಲಿ ಹುದುಗಿಸಬೇಕು. ಒಳಗೆ ಬಿಸಿ ಏರಿದಾಗ ಗುಡ್ಡೆ ಒಡೆದು, ಒಳಗಿನದನ್ನು ಹೊರಗೆ ಮಾಡಿ, ಮತ್ತೆ ಗುಡ್ಡೆ ಹಾಕಬೇಕು. ಅಮೋನಿಯಾ ಹೋಗುವುದು ಆಗಲೇ. ಬ್ಯಾಂಕಿನ ಬಡ್ಡಿ ಓಡುತ್ತಿರುವಾಗ ಇಷ್ಟು ಕಾಯುವುದು ಸುಲಭ ಅಲ್ಲ. ಅವಸರ ಮಾಡಿದ ಸಿಗಾರ್ ಹಚ್ಚಿದರೆ ಮೂಗಿಗೆ ಚುರ್ ಅನ್ನುತ್ತದೆ. ಪೆಟ್ಟಿಗೆ, ಸಿಗಾರಿನ ಸುತ್ತ ಹಾಕುವ ಹೆಸರಿನ ಪಟ್ಟಿ, ಸೆಲ್ಲೋಫೇನ್ ಇವೆಲ್ಲ ಉಳಿದ ಖರ್ಚು. ಇಪ್ಪತ್ತನ್ನು ಕಟ್ಟು ಕಟ್ಟಿ ಮಾರುವ ಬಂಡಲ್ ಸಿಗಾರುಗಳಲ್ಲಿ ಆ ಖರ್ಚು ಉಳಿಯುತ್ತದೆ, ಹೊಗೆಗೆ ಅದರಿಂದ ನಷ್ಟವಿಲ್ಲ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಇಲ್ಲಿ ಕೆಲವರಿದ್ದೀರಿ. ನಿಮ್ಮ ಹೊಗೆಸೊಪ್ಪಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳುತ್ತೀರಿ. ನಿಮ್ಮದು ಸಿಗರೇಟಿನ ಎಲೆ. ಬ್ಯಾರನ್ನಿನಲ್ಲಿ, ಅಂದರೆ ಎಲೆ ಒಣಗಿಸುವ ಮನೆಯಲ್ಲಿ, ಬೆಂಕಿ ಹಾಕಿ, ಕೊಳವೆಗಳ ಶಾಖದಲ್ಲಿ ವಾರದೊಳಗೆ ಹದ ಮಾಡುತ್ತೀರಿ. ಎಲೆಯೊಳಗಿನ ಸಕ್ಕರೆ ಹಾಗೇ ಉಳಿಯುತ್ತದೆ, ಬಣ್ಣ ಹಳದಿ ಬರುತ್ತದೆ, ಹೊಗೆಯಲ್ಲಿ ಆಮ್ಲದ ಗುಣ ಇರುತ್ತದೆ. ಸಿಗಾರಿನ ಎಲೆ ಗಾಳಿಯಲ್ಲಿ ವಾರಗಟ್ಟಲೆ ತೂಗಾಡಿ ಒಣಗುತ್ತದೆ, ಆಮೇಲೆ ಹುದುಗುತ್ತದೆ. ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಹೊಗೆ ಕ್ಷಾರದ ಕಡೆಗೆ ವಾಲುತ್ತದೆ. ಕ್ಷಾರದ ಹೊಗೆಯಲ್ಲಿರುವ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಸಿಗಾರನ್ನು ಎದೆಗೆ ಎಳೆಯದೇ ಇದ್ದರೂ ಖಾಲಿ ಹೊಟ್ಟೆಯವನಿಗೆ ತಲೆ ಸುತ್ತಿ ಬೆವರು ಬರುವುದು ಅದಕ್ಕೇ.

ಈಗ ಅಂಕದ ವಿಷಯ. ಈ ನೂರು ಅಂಕದ ಪದ್ಧತಿ ವೈನಿನಿಂದ ಬಂದದ್ದು. 1992ರಲ್ಲಿ ಮಾರ್ವಿನ್ ಶ್ಯಾಂಕನ್ 'ಸಿಗಾರ್ ಅಫಿಶನಾಡೊ' ಪತ್ರಿಕೆ ಶುರು ಮಾಡಿದರು. ವೈನ್ ಪತ್ರಿಕೆ ಅವರ ಕೈಯಲ್ಲಿ ಆಗಲೇ ಇತ್ತು, ಅದೇ ಅಳತೆಗೋಲನ್ನು ಸಿಗಾರಿಗೂ ಹಿಡಿದರು. ಅಲ್ಲಿಂದ ಐದು ವರ್ಷದಲ್ಲಿ ಅಮೆರಿಕಕ್ಕೆ ಬರುವ ಪ್ರೀಮಿಯಂ ಸಿಗಾರುಗಳ ಸಂಖ್ಯೆ ಸುಮಾರು 10 ಕೋಟಿಯಿಂದ 40 ಕೋಟಿ ದಾಟಿತು. ಪತ್ರಿಕೆಯೊಂದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ '90 ಅಂಕ ಬಂತಂತೆ' ಅಂತ ಅಂಗಡಿಗೆ ಓಡುವ ಚಟ ಅಲ್ಲಿಂದಲೇ ಹತ್ತಿದ್ದು.

ಅವರ ಅಂಕ ಹಂಚಿಕೆ ಹೀಗಿದೆ. ನೋಟ ಮತ್ತು ಕಟ್ಟಿದ ರೀತಿಗೆ 15, ರುಚಿಗೆ 25, ಉರಿಯುವ ಮತ್ತು ಎಳೆಯುವ ಗುಣಕ್ಕೆ 25, ಒಟ್ಟಾರೆ ಅನ್ನಿಸಿಕೆಗೆ 35. ಪಟ್ಟಿ ತೆಗೆದು ಬೇರೆ ಗುರುತು ಹಾಕಿ ಕೊಡುತ್ತಾರೆ, ಸೇದುವವರಿಗೆ ಯಾವ ಬ್ರ್ಯಾಂಡ್ ಅಂತ ಗೊತ್ತಿರುವುದಿಲ್ಲ. ಅದು ಒಳ್ಳೆಯದು. ಆದರೆ ಆ 35 ನೋಡಿ! ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಅಂಕ 'ಒಟ್ಟಾರೆ ಹೇಗನ್ನಿಸಿತು' ಅನ್ನುವುದಕ್ಕೆ. ಕಣ್ಣು ಕಟ್ಟಿ ಸೇದಿದಾಗ ಅದನ್ನು ಒಪ್ಪಬಹುದು. ಪಟ್ಟಿ ಕಾಣುವ ಹಾಗೆ, ಬಿಲ್ಲು ಜೇಬಿನಲ್ಲಿಟ್ಟುಕೊಂಡು ಸೇದುವ ನಿಮಗೂ ನನಗೂ ಅದು ಅಪಾಯ. ಮೂವತ್ತು ಡಾಲರ್ ಕೊಟ್ಟವನಿಗೆ ಒಟ್ಟಾರೆ ಚೆನ್ನಾಗಿಯೇ ಅನ್ನಿಸುತ್ತದೆ, ಅನ್ನಿಸಲೇಬೇಕು.

ಕಣ್ಣು ಕಟ್ಟಿದರೆ ಅಗ್ಗದ್ದೂ ಗೆಲ್ಲುತ್ತದೆ. 2012ರಲ್ಲಿ ಆ ಪತ್ರಿಕೆಯ ವರ್ಷದ ಸಿಗಾರ್ ಆದದ್ದು ಫ್ಲೋರ್ ದೆ ಲಾಸ್ ಆಂಟಿಯಾಸ್ ಟೋರೊ. ನಿಕರಾಗುವದ್ದು, ಆಗಿನ ಬೆಲೆ ಹತ್ತು ಡಾಲರ್ ಒಳಗೇ. ಆ ದೇಶದ ಎಸ್ತೆಲಿ, ಹಲಾಪಾ ಕಣಿವೆಗಳ ಎಲೆ ಇಲ್ಲದಿದ್ದರೆ ನಾವು ಇವತ್ತು ಮಾತಾಡುತ್ತಿರುವ ಅಗ್ಗದ ಒಳ್ಳೆ ಸಿಗಾರುಗಳಲ್ಲಿ ಅರ್ಧದಷ್ಟು ಇರುತ್ತಲೇ ಇರಲಿಲ್ಲ. 1960ರಲ್ಲಿ ಕ್ಯೂಬಾದ ಸಿಗಾರ್ ಉದ್ಯಮ ಸರ್ಕಾರದ ಪಾಲಾಯಿತು, 1962ರ ಫೆಬ್ರವರಿಯಲ್ಲಿ ಅಮೆರಿಕದ ನಿರ್ಬಂಧ ಬಂತು. ಬೀಜ, ವಿದ್ಯೆ ಹೊತ್ತುಕೊಂಡು ಊರು ಬಿಟ್ಟವರು ಹೊಸ ಮಣ್ಣು ಹುಡುಕಿದರು. ಅಂಥವರಲ್ಲೊಬ್ಬರಾದ ಹೊಸೆ ಒರ್ಲಾಂಡೊ ಪದ್ರೋನ್ 1964ರಲ್ಲಿ ಮಯಾಮಿಯಲ್ಲಿ ಅಂಗಡಿ ಶುರು ಮಾಡಿದವರು. ಬಂಡವಾಳ ಕೂಡಿಟ್ಟದ್ದು ಬಡಗಿ ಕೆಲಸ ಮಾಡಿ. ಆ ಸುತ್ತಿಗೆಯೇ ಅವರ ಮನೆತನದ ಗುರುತಾಯಿತು. ಅವರ ದುಬಾರಿ ಸಾಲುಗಳ ಹೆಸರನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಅವರ ಹಳೆಯ ಸಾವಿರದ ಸಾಲು, ಅಂದರೆ 2000, 3000 ಅಂತ ನಂಬರ್ ಇರುವ ಸಾದಾ ಸಿಗಾರುಗಳೇ ಹೆಚ್ಚು. ನೋಡಲು ಒರಟು, ನರ ಎದ್ದು ಕಾಣುತ್ತದೆ. ನೋಟಕ್ಕೆ ಅಂಕ ಹೋಗುತ್ತದೆ, ಹೋಗಲಿ ಬಿಡಿ.

ನಮ್ಮವರೊಬ್ಬರ ಹೆಸರೂ ಹೇಳಲೇಬೇಕು, ಇಲ್ಲದಿದ್ದರೆ ಪ್ರಶ್ನೆ ಬರುತ್ತದೆ. ರಾಕಿ ಪಟೇಲ್ ಭಾರತೀಯ ಮೂಲದವರು. ಹಾಲಿವುಡ್ಡಿನಲ್ಲಿ ವಕೀಲಿ ಮಾಡುತ್ತಿದ್ದವರು 1990ರ ದಶಕದಲ್ಲಿ ಸಿಗಾರಿಗೆ ಇಳಿದರು. ಕಂಪನಿ ಇರುವುದು ನಮ್ಮದೇ ಫ್ಲಾರಿಡಾದ ಬೊನಿಟಾ ಸ್ಪ್ರಿಂಗ್ಸಿನಲ್ಲಿ, ಸುತ್ತುವುದು ಹೊಂಡುರಾಸ್, ನಿಕರಾಗುವಗಳಲ್ಲಿ. ಅವರ 'ಎಡ್ಜ್' ಶುರುವಾದಾಗ ಪಟ್ಟಿಯೇ ಇಲ್ಲದೆ ನೂರರ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಖರ್ಚು ಎಲ್ಲಿ ಉಳಿಸಬೇಕು ಅನ್ನುವುದಕ್ಕೆ ಅದು ಒಳ್ಳೆ ಉದಾಹರಣೆ.

ಸರಿ, ಒಂದು ಸಿಗಾರನ್ನು ಕೈಗೆ ತೆಗೆದುಕೊಳ್ಳೋಣ. ಇದು ರೊಬುಸ್ಟೊ, ಐದು ಇಂಚು ಉದ್ದ, 50 ರಿಂಗ್. ಒಂದು ರಿಂಗ್ ಅಂದರೆ ಇಂಚಿನ 64ನೇ ಒಂದು ಭಾಗ, ಅಂದರೆ ದಪ್ಪ ಮುಕ್ಕಾಲು ಇಂಚಿಗಿಂತ ಚೂರು ಜಾಸ್ತಿ. ಪಟ್ಟಿ ತೆಗೆದಿದ್ದೇನೆ. ಬಾಯಿಗಿಡುವ ತಲೆಯಿಂದ ಬೆಂಕಿ ಹಚ್ಚುವ ಬುಡದವರೆಗೆ ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಒತ್ತುತ್ತಾ ಬನ್ನಿ. ಎಲ್ಲೂ ಗಂಟು ಸಿಗಬಾರದು, ಎಲ್ಲೂ ಪೊಳ್ಳು ಇರಬಾರದು. ಇಲ್ಲಿ, ಪಟ್ಟಿ ಇದ್ದ ಜಾಗದ ಸ್ವಲ್ಪ ಕೆಳಗೆ, ಬೆರಳು ಒಳಗೆ ಹೋಗುತ್ತದೆ ಅಲ್ವಾ? ಅಲ್ಲಿ ಎಲೆ ಕಡಿಮೆ ಬಿದ್ದಿದೆ. ಉರಿ ಅಲ್ಲಿಗೆ ಬಂದಾಗ ಒಂದು ಕಡೆ ಓಡುತ್ತದೆ, ಇನ್ನೊಂದು ಕಡೆ ದೋಣಿಯ ಅಂಚಿನ ಹಾಗೆ ನಿಲ್ಲುತ್ತದೆ. ಬುಡವನ್ನು ನೋಡಿ. ನಡುವೆ ಕಪ್ಪಗಿರುವುದು ಲಿಹೇರೊ, ಗಿಡದ ತುದಿಯ ಎಲೆ. ಖಾರ ಅದರದು, ನಿಧಾನ ಉರಿಯುವುದೂ ಅದೇ, ಅದಕ್ಕೇ ಅದನ್ನು ನಡುವೆ ಇಡುತ್ತಾರೆ. ಬದಿಗೆ ಸರಿದಿದ್ದರೆ ಉರಿ ಸೊಟ್ಟಗಾಗುವುದು ಗ್ಯಾರಂಟಿ.

ತಲೆಯನ್ನು ಕತ್ತರಿಸಿ, ಹಚ್ಚದೇ ಒಮ್ಮೆ ಎಳೆಯಿರಿ. ಗಾಳಿ ಸ್ವಲ್ಪ ತಡೆದು ಬರಬೇಕು. ಏನೂ ತಡೆ ಇಲ್ಲದಿದ್ದರೆ ಬೇಗ ಬಿಸಿಯಾಗುತ್ತದೆ, ಕೆನ್ನೆ ಒಳಗೆ ಹೋದರೆ ಎಲೆ ತುಂಬಿಬಿಟ್ಟಿದ್ದಾರೆ ಅಂತ ಅರ್ಥ. ಒಳ್ಳೆ ಕಾರ್ಖಾನೆಗಳಲ್ಲಿ ರ್‍ಯಾಪರ್ ಸುತ್ತುವ ಮೊದಲೇ ಯಂತ್ರಕ್ಕೆ ಸಿಕ್ಕಿಸಿ ಈ ಎಳೆತ ಅಳೆಯುತ್ತಾರೆ. ಅಗ್ಗದ್ದರಲ್ಲಿ ಕೆಲವರು ಅದನ್ನು ಬಿಡುತ್ತಾರೆ. ಹಚ್ಚಿದ ಮೇಲೆ ನಿಮಿಷಕ್ಕೊಮ್ಮೆ ಎಳೆದರೆ ಸಾಕು. ಹೊಗೆ ಬಾಯಲ್ಲಿ ಇರುವಾಗಲೇ ಅದರಲ್ಲಿ ಸ್ವಲ್ಪವನ್ನು ಮೂಗಿನಿಂದ ಬಿಡಿ. ರುಚಿಯ ಮುಕ್ಕಾಲು ಪಾಲು ಅಲ್ಲೇ ಸಿಗುವುದು. ಪಕ್ಕದಲ್ಲಿ ನೀರು ಇರಲಿ. ಕಾಫಿ, ವಿಸ್ಕಿ ಜೊತೆ ಸೇದಿ ಅಂಕ ಕೊಟ್ಟರೆ ಅದು ವಿಸ್ಕಿಯ ಅಂಕ.

ರುಚಿ ಬರೆಯುವಾಗ ಅಮೆರಿಕದವರು ಬರೆದದ್ದನ್ನು ನಕಲು ಮಾಡಬೇಡಿ. ಅವರಿಗೆ ಗ್ರಹಾಂ ಕ್ರ್ಯಾಕರ್ ಬಿಸ್ಕತ್ತು ನೆನಪಾಗುತ್ತದೆ, ನಮಗೆ ಹುರಿಹಿಟ್ಟು. ಮೊದಲ ಎಳೆತಗಳಲ್ಲಿ ಕರಿಮೆಣಸು, ಆಮೇಲೆ ಒಣಕೊಬ್ಬರಿ, ಅರ್ಧ ದಾಟಿದ ಮೇಲೆ ಹುರಿದ ಕಾಫಿ ಬೀಜ ಅಂತ ಬರೆದುಕೊಂಡರೆ ಮುಂದಿನ ಸಲ ನಿಮಗೇ ಅರ್ಥವಾಗುತ್ತದೆ. ಆಲೆಮನೆಯ ಪಾಕದ ವಾಸನೆ ಬರುವ ಮಡೂರೊಗಳಿವೆ, ಅಂದರೆ ಕಡುಬಣ್ಣದ ಎಲೆ ಹೊದ್ದ ಸಿಗಾರುಗಳು. ಕೊಟ್ಟಿಗೆಯ ವಾಸನೆಯೂ ಬರುತ್ತದೆ, ಅದು ಬೈಗುಳ ಅಲ್ಲ.

ಇಷ್ಟು ಮಾಡಿದ ಮೇಲೆ ಒಂದು ಸಿಗಾರಿಗೆ ಅಂಕ ಕೊಡಬಹುದು. ಆದರೆ ಕೊಡಬೇಡಿ. ನನ್ನ ತಕರಾರು ಇರುವುದೇ ಇಲ್ಲಿ.

ದುಬಾರಿ ಸಿಗಾರಿಗೂ ಅಗ್ಗದ್ದಕ್ಕೂ ಇರುವ ದೊಡ್ಡ ವ್ಯತ್ಯಾಸ ರುಚಿಯ ಎತ್ತರದಲ್ಲಿಲ್ಲ. ಆರು ಡಾಲರಿನ ಒಳ್ಳೆಯದೊಂದು, ಅದರ ಒಳ್ಳೆ ದಿನದಲ್ಲಿ, ಇಪ್ಪತ್ತು ಡಾಲರಿನದರ ಪಕ್ಕ ಧೈರ್ಯವಾಗಿ ನಿಲ್ಲುತ್ತದೆ. ವ್ಯತ್ಯಾಸ ಇರುವುದು ಒಂದರಿಂದ ಇನ್ನೊಂದಕ್ಕೆ. ದುಬಾರಿಯದರಲ್ಲಿ ಕಾರ್ಖಾನೆಯವರು ಎಲೆ ಆರಿಸಿ, ಸುತ್ತಿದ್ದನ್ನು ಮತ್ತೆ ಪರೀಕ್ಷಿಸಿ, ಚೂರು ಅನುಮಾನ ಬಂದರೂ ಬಿಸಾಕುತ್ತಾರೆ. ಆ ಬಿಸಾಕಿದ್ದರ ಬೆಲೆಯೂ ನಿಮ್ಮ ಬಿಲ್ಲಿನಲ್ಲಿದೆ. ಅಗ್ಗದ್ದರಲ್ಲಿ ಅಷ್ಟು ಬಿಸಾಕಲು ಆಗುವುದಿಲ್ಲ. ಹಾಗಾಗಿ ಒಂದೇ ಸಿಗಾರ್ ಸೇದಿ 91 ಅಂಕ ಅಂದರೆ ನೀವು ಅಳೆದದ್ದು ನಿಮ್ಮ ಅದೃಷ್ಟವನ್ನು.

ನಾನು ಹೇಳುವುದು ಇಷ್ಟು. ಅದೇ ಪೆಟ್ಟಿಗೆಯಿಂದ ನಾಲ್ಕೈದು ತೆಗೆದುಕೊಳ್ಳಿ. ಒಂದೆರಡು ವಾರ ಹ್ಯೂಮಿಡಾರಿನಲ್ಲಿ, ಅಂದರೆ ತೇವ ಕಾಯುವ ಪೆಟ್ಟಿಗೆಯಲ್ಲಿ, ನೂರಕ್ಕೆ 65ರಿಂದ 69ರ ತೇವದಲ್ಲಿ ಸುಮ್ನೆ ಬಿಡಿ. ಬೇರೆ ಬೇರೆ ದಿನ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಊಟ ಆದ ಮೇಲೆ ಸೇದಿ. ಪ್ರತಿ ಒಂದಕ್ಕೂ ಬೇರೆ ಚೀಟಿಯಲ್ಲಿ ಅಂಕ ಬರೆಯಿರಿ, ಹಿಂದಿನ ಚೀಟಿ ನೋಡಬೇಡಿ. ಕೊನೆಗೆ ಸರಾಸರಿ ತೆಗೆಯಬೇಡಿ. ಅತಿ ಕೆಟ್ಟದ್ದು ಯಾವುದೋ, ಅದರ ಅಂಕವನ್ನೇ ಇಡೀ ಪೆಟ್ಟಿಗೆಗೆ ಕೊಡಿ. 92, 91, 90, 74 ಬಂದರೆ ಅದು 74ರ ಪೆಟ್ಟಿಗೆ. 86, 85, 86, 85 ಬಂದರೆ ಅದು 85ರದ್ದು. ನಾನು ಕೊಳ್ಳುವುದು ಎರಡನೆಯದನ್ನು. ಲೆಕ್ಕಪತ್ರದವನ ಬುದ್ಧಿ ಅಂತ ನನ್ನ ಸ್ನೇಹಿತರು ನಗುತ್ತಾರೆ. ನಗಲಿ. ಶನಿವಾರ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಂಡು ಕೂತವನಿಗೆ ಎಳೆದರೂ ಹೊಗೆ ಬಾರದ ಸಿಗಾರ್ ಸಿಕ್ಕರೆ, ಮೂರು ವಾರದ ಹಿಂದಿನ 92 ನೆನೆದು ಏನು ಮಾಡುತ್ತಾನೆ?

ಇನ್ನೊಂದು. ಬೆಲೆಯನ್ನು ಅಂಕದೊಳಗೆ ಸೇರಿಸಬೇಡಿ. 'ಐದು ಡಾಲರಿಗೆ ಇಷ್ಟಾದರೂ ಇದೆಯಲ್ಲ' ಅಂತ ಮೂರು ಅಂಕ ಜಾಸ್ತಿ ಹಾಕುವ ಕರುಣೆ ಬಹಳ ಜನರಿಗಿದೆ. ಅಂಕ ಬೆಲೆ ಗೊತ್ತಿಲ್ಲದ ಹಾಗೆ ಕೊಡಿ. ಪಕ್ಕದಲ್ಲಿ ಬೇರೆಯಾಗಿ ಒಂದೇ ಪ್ರಶ್ನೆ ಬರೆಯಿರಿ: ಇದರ ಪೆಟ್ಟಿಗೆ ಕೊಳ್ಳುತ್ತೇನಾ? ಹೌದು ಅಥವಾ ಇಲ್ಲ.

ಈಗ ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನಿಂದ ಒಬ್ಬರು ಕ್ಯೂಬಾದ್ದು ಯಾಕೆ ಹೇಳಲಿಲ್ಲ ಅಂತ ಕೇಳಿದರು. ಸ್ವಾಮಿ, ಇಲ್ಲಿ ಕಾನೂನಿನ ಪ್ರಕಾರ ಮಾರುವಂತಿಲ್ಲ. ಹೊರದೇಶದಲ್ಲಿ ಕೊಳ್ಳೋಣ ಅಂದರೆ 2022ರಲ್ಲಿ ಕೊಹಿಬಾದಂಥ ಹೆಸರುಗಳ ಬೆಲೆಯನ್ನು ಜಗತ್ತಿನ ಎಲ್ಲ ಕಡೆ ಏರಿಸಿಬಿಟ್ಟರು. ಇವತ್ತಿನ ವಿಷಯ ಅಗ್ಗದ್ದು.

ಮುಂದೆ ಕೂತ ಅಕ್ಕ ಕೇಳಿದ್ದು ಒಳ್ಳೆ ಪ್ರಶ್ನೆ: ಊರಲ್ಲಿರುವ ಭಾವನಿಗೆ ಒಂದು ಪೆಟ್ಟಿಗೆ ಒಯ್ಯಬಹುದಾ? ಭಾವನವರು ಆಗಲೇ ಸೇದುವವರಾದರೆ ಅಂತ ಇಟ್ಟುಕೊಳ್ಳೋಣ. ಸುಂಕವಿಲ್ಲದೆ ಒಯ್ಯಲು ಭಾರತದ ಕಸ್ಟಮ್ಸಿನವರು ಬಿಡುವುದು 25 ಸಿಗಾರ್, ಅದೂ ಸಿಗರೇಟು ಗಿಗರೇಟು ಏನೂ ಜೊತೆಗಿಲ್ಲದಿದ್ದರೆ. ಮಂಗಳೂರು ಅಂದಿರಲ್ಲ, ಮಳೆಗಾಲದಲ್ಲಿ ಅಲ್ಲಿ ಮರದ ಪೆಟ್ಟಿಗೆಯಲ್ಲಿ ಹಾಗೇ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಕಾಯುವ ಸಣ್ಣ ಪೊಟ್ಟಣದ ಜೊತೆ ಹಾಕಿ ಕೊಡಿ. ಸೆಕೆಗೆ ತಂಬಾಕಿನ ಹುಳದ ಮೊಟ್ಟೆಯೂ ಒಡೆಯಬಹುದು. ಸೂಜಿಮೊನೆಯಂಥ ತೂತು ಕಂಡರೆ ಅದೇ. ಆಗ ಎಲ್ಲವನ್ನೂ ಜಿಪ್ ಚೀಲದಲ್ಲಿ ಮುಚ್ಚಿ ಮೂರು ದಿನ ಫ್ರೀಜರಿನಲ್ಲಿ, ಆಮೇಲೆ ಒಂದು ದಿನ ಕೆಳಗಿನ ಫ್ರಿಜ್ಜಿನಲ್ಲಿ ಇಟ್ಟು ಹೊರಗೆ ತೆಗೆಯಲು ಹೇಳಿ. ನೇರವಾಗಿ ಫ್ರೀಜರಿನಿಂದ ಮಂಗಳೂರಿನ ಸೆಕೆಗೆ ತೆಗೆದರೆ ರ್‍ಯಾಪರ್ ಬಿರಿಯುತ್ತದೆ. ಮೀನಿನ ಪಕ್ಕ ಮಾತ್ರ ಇಡಬೇಡಿ ಅಂತ ಭಾವನಿಗೆ ಒತ್ತಿ ಹೇಳಿ.